ಇಳಿಜಾರಿನಲ್ಲಿ ಕಲಿತ ಕಾಲು

ಹೋದ ತಿಂಗಳು ಷಿಕಾಗೋಗೆ ಹೋಗಿದ್ದಾಗ ಇವರು ಕಾರನ್ನು ಒಂದು ಪಾರ್ಕಿಂಗ್ ಗರಾಜಿನ ಇಳಿಜಾರಿನಲ್ಲಿ ನಿಲ್ಲಿಸಿದರು. ನಾನು ಬಾಗಿಲನ್ನು ಅರ್ಧ ತೆರೆದಿದ್ದೆನೋ ಇಲ್ಲವೋ, ಅದು ನನ್ನ ಕೈಯಿಂದ ಕಿತ್ತುಕೊಂಡು ಹೋಗಿ ಪಕ್ಕದ ಕಂಬಕ್ಕೆ ಬಡಿಯಿತು. "ನಿಧಾನ ಕಣೆ, ಇಳಿಜಾರು" ಎಂದರು ಇವರು, ಬಡಿದ ಮೇಲೆ. ಬಯ್ಯಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ. ಒದ್ದೆ ಕಾಂಕ್ರೀಟು, ಕಾರಿನ ಹೊಗೆ, ಹಿಮ ಕರಗಲೆಂದು ರಸ್ತೆಗೆ ಚೆಲ್ಲಿ ಟೈರುಗಳು ಹೊತ್ತು ತಂದ ಉಪ್ಪು, ಮೂರೂ ಸೇರಿದ ತಣ್ಣನೆಯ ವಾಸನೆ. ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ನಮ್ಮ ಅನಘಾಳ ಮೊದಲ ಕೆಲಸದ ವರ್ಷ, ಒಂದಿಡೀ ಚಳಿಗಾಲ, ಬೆಳಗ್ಗೆ ಎದ್ದರೆ ನಾನು ಅದನ್ನೇ ಕುಡಿದುಕೊಂಡು ನಿಂತಿರುತ್ತಿದ್ದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಅನುಮಾನದ ಹೆಂಗಸು. ಮೈಸೂರಿನಲ್ಲಿದ್ದಾಗ ಹಾಲಿನವನು ಹಾಲು ಅಳೆದರೆ ನೊರೆ ಇಳಿಯುವವರೆಗೆ ಪಾತ್ರೆ ಎತ್ತುತ್ತಿರಲಿಲ್ಲ. ಮಿಷಿಗನ್ನಿನ ಟ್ರಾಯ್‌ಗೆ ಬಂದು ಇಷ್ಟು ವರ್ಷವಾದರೂ ಆ ಬುದ್ಧಿ ಹೋಗಿಲ್ಲ. ಹೋಗುವುದಿರಲಿ, ನನಗೆ ಸಂಬಳ ಬರುವುದೇ ಅದರಿಂದ. ಒಂದು ಇನ್ಶೂರೆನ್ಸ್ ಕಂಪನಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಬೇರೆಯವರು "ಎಲ್ಲಾ ಸರಿಯಾಗಿದೆ" ಎಂದು ಕಳಿಸಿದ್ದರಲ್ಲಿ ಏನು ಸರಿಯಿಲ್ಲ ಎಂದು ಹುಡುಕುವ ಕೆಲಸ. ಇವರು ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಸಸ್ಪೆನ್ಷನ್ ಎಂಜಿನಿಯರು. ಜಗತ್ತಿನಲ್ಲಿ ಎಲ್ಲರೂ ಒಳ್ಳೆಯವರು ಎಂದು ನಂಬಿಕೊಂಡ ಮನುಷ್ಯ. ಇಂಥ ಇಬ್ಬರಿಗೆ ಹುಟ್ಟಿದ ಒಬ್ಬಳೇ ಮಗಳು ಬ್ಯಾಲೆ ಹಿಡಿದಳು.

ಹಿಡಿದಳು ಎಂದರೆ ಗಟ್ಟಿಯಾಗಿಯೇ ಹಿಡಿದಳು. ನಾವು ಸಾಮಾನು ತರುವ ಇಂಡಿಯನ್ ಅಂಗಡಿಯ ಪಕ್ಕದ ಮಳಿಗೆಯಲ್ಲಿ ಗಲೀನಾ ಮೇಡಂ ಎಂಬ ರಷ್ಯದ ಮುದುಕಿ ಮಕ್ಕಳಿಗೆ ಬ್ಯಾಲೆ ಹೇಳಿಕೊಡುತ್ತಿದ್ದರು. ನಾನು ಕೊತ್ತಂಬರಿ ಸೊಪ್ಪು ಆರಿಸುವಷ್ಟು ಹೊತ್ತು ಆ ಕಿಟಕಿಗೆ ಮೂಗು ಒತ್ತಿ ನಿಲ್ಲುತ್ತಿದ್ದ ಆರು ವರ್ಷದ ಹುಡುಗಿ ಹದಿನೈದಕ್ಕೆ ರಷ್ಯದ ದೊಡ್ಡದೊಂದು ಬ್ಯಾಲೆ ಶಾಲೆಗೆ ಆಯ್ಕೆಯಾದಳು. ನಾನೇನು ಸುಮ್ಮನೆ ಒಪ್ಪಲಿಲ್ಲ. ಜೊತೆಗೆ ಹೋಗಿ, ಹಾಸ್ಟೆಲಿನ ಅಡಿಗೆಮನೆ ಹೊಕ್ಕು, ಪಾತ್ರೆಗಳ ಮುಚ್ಚಳ ತೆಗೆದು ನೋಡಿ, ಆಮೇಲೆ ಬಿಟ್ಟುಬಂದೆ. ನಾಲ್ಕು ವರ್ಷ ಅಲ್ಲೇ ಇದ್ದಳು. ಕೊನೆಕೊನೆಗೆ ಯುದ್ಧ ಶುರುವಾಗಿ ನೇರ ವಿಮಾನಗಳೆಲ್ಲ ನಿಂತು, ಇಸ್ತಾಂಬುಲ್ ಸುತ್ತಿಕೊಂಡು ಮನೆಗೆ ಬಂದಳು. ದೇವಸ್ಥಾನದಲ್ಲಿ ಪ್ರಸಾದದ ತಟ್ಟೆ ಹಿಡಿದ ಹೆಂಗಸರು ಸುತ್ತುವರಿದರು. "ರಷ್ಯಾದಲ್ಲಾ? ಈಗ್ಲಾ? ಅಲ್ರೀ, ಅಲ್ಲಿ ಕಲ್ತಿದ್ದು ಇಲ್ಲಿ ನಡೆಯತ್ತಾ?" ಆ ಕೊನೆಯ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ನಡೆಯುವ ಹಾಗೇ ಕಂಡಿತು. ಷಿಕಾಗೋದ ಒಂದು ಸಣ್ಣ ಬ್ಯಾಲೆ ಕಂಪನಿ ಅವಳನ್ನು ಒಂದು ಸೀಸನ್ ಮಟ್ಟಿಗೆ, ನೋಡೋಣ ಎಂದು, ತೆಗೆದುಕೊಂಡಿತು. ಅದೇ ರೀತಿ ನೋಡೋಣ ಎಂದು ತೆಗೆದುಕೊಂಡ ಇನ್ನೊಬ್ಬಳಿದ್ದಳು, ಒಹಾಯೊ ಕಡೆಯ ಬ್ರೂಕ್. ವಸಂತದ ಕಾರ್ಯಕ್ರಮ ಮುಗಿದ ಮೇಲೆ ಇಬ್ಬರಲ್ಲಿ ಒಬ್ಬಳಿಗೆ ಖಾಯಂ ಕೆಲಸ, ಇನ್ನೊಬ್ಬಳಿಗೆ ಥ್ಯಾಂಕ್ಯೂ. ಡಿಸೆಂಬರಿನ ಕ್ರಿಸ್‌ಮಸ್ ಬ್ಯಾಲೆಯಲ್ಲಿ ಇಬ್ಬರೂ ಹಿಮದ ಹೂಗಳಾಗಿ ಹಿಂದಿನ ಸಾಲಿನಲ್ಲಿ ಕುಣಿದರು. ಜನವರಿಯಲ್ಲಿ ಅನಘಾ ಫೋನ್ ಮಾಡಿ, "ಅಮ್ಮಾ, ಐ ಗಾಟ್ ದ ಸೋಲೋ" ಎಂದಳು. ವಸಂತದ ಕಾರ್ಯಕ್ರಮದಲ್ಲಿ ಒಬ್ಬಳೇ ಮಾಡುವ ನೃತ್ಯ, ಒಂದೇ ಕಾಲಿನ ತುದಿಯ ಮೇಲೆ, ನಿಂತ ಜಾಗದಲ್ಲೇ ಸುತ್ತುತ್ತಾ ಹೋಗಬೇಕು. ಅದು ಸಿಕ್ಕಿತೆಂದರೆ ಕೆಲಸ ಮುಕ್ಕಾಲು ಸಿಕ್ಕ ಹಾಗೆ. ಆದರೆ ಸುದ್ದಿ ಹೇಳಿದ ಧ್ವನಿ ಸಾವಿನ ಸುದ್ದಿ ಹೇಳುವವರ ಧ್ವನಿ.

"ಏನಾಯ್ತೇ?"

"ನಥಿಂಗ್. ಐ ಆಮ್ ಫೈನ್."

ನಮ್ಮ ಆಫೀಸಿನಲ್ಲಿ ಪ್ರೋಗ್ರಾಮ್ ಬರೆಯುವ ಹುಡುಗರು ಹೀಗೇ ಹೇಳುತ್ತಾರೆ, ಎಲ್ಲ ಕೆಟ್ಟು ಕೂತಿದ್ದಾಗ. ಲ್ಯಾಪ್‌ಟಾಪ್, ಉಪ್ಪಿಟ್ಟಿನ ರವೆ, ಉಪ್ಪಿನಕಾಯಿಯ ಬಾಟಲಿ ಕಟ್ಟಿಕೊಂಡು ಆ ವಾರವೇ ಷಿಕಾಗೋದ ಪಕ್ಕದ ಓಕ್ ಪಾರ್ಕ್‌ನ ಅವಳ ಒಂದು ಕೋಣೆಯ ಮನೆ ಸೇರಿದೆ. ಹೇಗೂ ನನ್ನ ಕೆಲಸ ಮನೆಯಿಂದಲೇ. ಅದು ಯಾರ ಮನೆ ಎಂದು ಕೇಳುವವರಿಲ್ಲ.

ಎಂಥಾ ಚಳಿ ಆ ವರ್ಷ! ಥರ್ಮಾಮೀಟರು ಹತ್ತು ಡಿಗ್ರಿ ಫ್ಯಾರನ್‌ಹೀಟಿನ, ಅಂದರೆ ನಮ್ಮೂರ ಲೆಕ್ಕದಲ್ಲಿ ಮೈನಸ್ ಹನ್ನೆರಡರ, ಆಸುಪಾಸಿನಲ್ಲೇ ಹೊರಳಾಡುತ್ತಿತ್ತು. ಗಾಳಿ ಷಿಕಾಗೋದ ಆ ಕೆರೆಯಂಥ ಸಮುದ್ರದಿಂದಲೋ ಸಮುದ್ರದಂಥ ಕೆರೆಯಿಂದಲೋ ಬೀಸಿ ಬಂದು ಕಿವಿ ಕುಯ್ಯುತ್ತಿತ್ತು. ಮನೆಯೊಳಗೆ ಹಳೇ ಹೀಟರು ಗಂಟೆಗೊಮ್ಮೆ ಟಣ್ ಟಣ್ ಎನ್ನುತ್ತಾ ಬೇಯಿಸುತ್ತಿತ್ತು. ಆ ಬಿಸಿಯಲ್ಲಿ ಕೂತು ನಾನು ಮಗಳನ್ನು ಟೆಸ್ಟ್ ಮಾಡತೊಡಗಿದೆ.

ಬೇಗನೆ ಒಂದೊಂದಾಗಿ ಸಿಕ್ಕತೊಡಗಿದವು. ಕಂಪನಿಯಲ್ಲಿ ಕ್ಲಾಸು ಶುರುವಾಗುವುದು ಹತ್ತಕ್ಕೆ, ಇವಳು ಏಳಕ್ಕೇ ಮನೆ ಬಿಡುತ್ತಾಳೆ. ಬೇಗ ಹೋಗಿ ಮೈ ಸಡಿಲ ಮಾಡಿಕೊಳ್ಳುತ್ತೇನೆ ಅಂತಾಳೆ. ಆದರೆ ಸ್ಟುಡಿಯೋ ಬಾಗಿಲು ತೆರೆಯುವುದೇ ಒಂಬತ್ತಕ್ಕೆ ಎಂದು ಅದರ ವೆಬ್‌ಸೈಟೇ ಹೇಳುತ್ತದೆ. ಒಗೆಯಲು ಹಾಕಿದ ಬಟ್ಟೆಯಲ್ಲಿ ಬೂದು ಬಣ್ಣದ ಧೂಳು, ಪೆಟ್ರೋಲ್ ವಾಸನೆ. ಎರಡೂ ಅಂಗೈ ತರಚಿದೆ. ಬಟ್ಟೆಯ ಕಪಾಟಿನ ಹಿಂದೆ, ಸೂಟ್‌ಕೇಸಿನ ಮರೆಯಲ್ಲಿ, ಅಡಿಗೆಮನೆಯ ನೆಲಕ್ಕೆ ಹಾಸುತ್ತಾರಲ್ಲ ಅಂಥ ಲಿನೋಲಿಯಂನ ಒಂದು ತುಂಡು, ಚಾಪೆಯ ಹಾಗೆ ಸುತ್ತಿಟ್ಟಿದೆ. ಬಾಡಿಗೆ ಮನೆಯಲ್ಲಿ ಯಾರಾದರೂ ಸ್ವಂತ ನೆಲ ಇಟ್ಟುಕೊಳ್ಳುತ್ತಾರಾ? ಯಾವುದೋ ಹುಡುಗನಿರಬಹುದೆಂದು ಮೊದಲು ಅಂದುಕೊಂಡೆ. ಹುಡುಗನಿಗೂ ಲಿನೋಲಿಯಂಗೂ ಏನು ಸಂಬಂಧ ಎಂದು ತಲೆ ಕೆರೆದುಕೊಂಡೆ.

ಇದರ ಜೊತೆಗೆ ಬ್ರೂಕ್ ಬೇರೆ. ವಾರಕ್ಕೆ ಎರಡು ಮೂರು ಸಲ ಬರುವಳು. ಕೆಂಚು ಕೂದಲು, ಉದ್ದ ಕತ್ತು, ನೋಡಿದ ಕೂಡಲೇ ನಗು. ಅನಘಾ ಹೇಳಿಕೊಟ್ಟಿದ್ದಳೋ ಏನೋ, ನನ್ನನ್ನು ಆಂಟಿ ಎನ್ನುತ್ತಿದ್ದಳು. ಚಿತ್ರಾನ್ನ ಬಡಿಸಿದರೆ ಕಡಲೆಕಾಯಿ ಬೀಜ ಮೊದಲು ಆರಿಸಿ ತಿನ್ನುತ್ತಾ ರಷ್ಯದ ಶಾಲೆಯ ಬಗ್ಗೆ ಕೇಳಿದ್ದೇ ಕೇಳಿದ್ದು. ಅಲ್ಲಿ ಕೈ ಹೇಗೆ ಎತ್ತಿಸುತ್ತಾರೆ, ಬೆನ್ನು ಹೇಗೆ ಹಿಡಿಸುತ್ತಾರೆ, ನೆಲ ಹೇಗಿರುತ್ತದೆ. ಅಲ್ಲಮ್ಮ, ಇಬ್ಬರಿಗೆ ಇರುವುದು ಒಂದೇ ಕೆಲಸ, ಸೋಲೋ ನನ್ನ ಮಗಳಿಗೆ ಸಿಕ್ಕಿದೆ, ನಿನಗೆ ಹೊಟ್ಟೆಕಿಚ್ಚಿಲ್ಲವಾ? ಇದ್ದರೆ ತೋರಿಸು, ನನಗೂ ಸಮಾಧಾನ. ಹೊಟ್ಟೆಕಿಚ್ಚು ತೋರಿಸದ ಮನುಷ್ಯರನ್ನು ನಂಬುವುದು ಹೇಗೆ?

ಒಂದು ಶನಿವಾರ ಮನೆಯವರಿಗೆ ರಿಹರ್ಸಲ್ ನೋಡಲು ಬಿಟ್ಟರು. ಅನಘಾ ಬಂದು ನಿಂತಾಗ ಪಕ್ಕದಲ್ಲಿ ಕೂತಿದ್ದ ಯಾರದೋ ತಾಯಿ ಉಸಿರು ಬಿಗಿಹಿಡಿದಳು. ಕೈ ಎತ್ತಿದರೆ ಕೈ ಎಲ್ಲಿ ಮುಗಿಯಿತೆಂದು ಗೊತ್ತಾಗುವುದಿಲ್ಲ, ಹಾಗೆ. ನನಗೆ ಒಳಗೊಳಗೇ ಹೆಮ್ಮೆ. ಸುತ್ತು ಶುರುವಾಯಿತು. ಒಂದು ಸರಿ, ಎರಡು ಸರಿ, ಮೂರನೆಯದಕ್ಕೆ ಯಾರೋ ಹಿಂದಿನಿಂದ ಜಡೆ ಹಿಡಿದು ಎಳೆದ ಹಾಗೆ ಹಿಂದಕ್ಕೆ ವಾಲಿ, ದೊಪ್ಪನೆ ಕೂತುಬಿಟ್ಟಳು. ಎದ್ದು ಮತ್ತೆ ಮಾಡಿದಳು. ಮತ್ತೆ ಹಿಂದಕ್ಕೇ ಬಿದ್ದಳು. ಕಂಪನಿಯ ಡೈರೆಕ್ಟರ್ ನಗುತ್ತಲೇ "ಪರವಾಗಿಲ್ಲ, ನೀರು ಕುಡಿ" ಎಂದು ಇಂಗ್ಲಿಷಿನಲ್ಲಿ ಹೇಳಿ, ಪಿಯಾನೋ ನುಡಿಸುವವಳ ಕಡೆ ಬಗ್ಗಿ ಮೆಲ್ಲಗೆ ಇನ್ನೊಂದು ಮಾತು ಹೇಳಿದ. ಮೆಲ್ಲಗೆ ಹೇಳಿದ್ದೇ ನನಗೆ ಚೆನ್ನಾಗಿ ಕೇಳಿಸುವುದು. "ಅಲ್ಲಿಂದ ಬರುವವರು ನೋಡಲು ಪೂರ್ತಿ ತಯಾರಾಗಿರುತ್ತಾರೆ. ಒಳಗೆಲ್ಲೋ ಬಿರುಕಿದ್ದರೆ ಕೊನೇ ಗಳಿಗೆಯವರೆಗೂ ಗೊತ್ತಾಗುವುದಿಲ್ಲ."

ಆ ಮನುಷ್ಯನಿಗೂ ನನ್ನ ಜಾಯಮಾನವೇ ಎಂದು ತಿಳಿದು ಹೆದರಿಕೆಯಾಯಿತು. ಇವಳ ಕಾಲಿಗೆ ಏನೋ ಪೆಟ್ಟಾಗಿದೆ, ಮುಚ್ಚಿಡುತ್ತಿದ್ದಾಳೆ ಎಂದು ನಿಶ್ಚಯ ಮಾಡಿಕೊಂಡೆ. ಸೋಮವಾರ ಏಳಕ್ಕೆ ಅವಳು ಲಿನೋಲಿಯಂ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಹೊರಟಾಗ, ನಾನೂ ಕೋಟಿನ ಟೋಪಿ ಎಳೆದುಕೊಂಡು ಹಿಂದೆಯೇ ಹೊರಟೆ.

ಮನೆಯಿಂದ ಮೂರು ಬೀದಿ ಆಚೆ ಒಂದು ಪಾರ್ಕಿಂಗ್ ಗರಾಜು. ನೆಲದ ಕೆಳಗಿನ ಅಂತಸ್ತಿಗೆ ಇಳಿಯುವ ದಾರಿಯಲ್ಲಿ ಅವಳು ಸುರುಳಿ ಬಿಚ್ಚಿ ಹಾಸಿದಳು, ಹಳೇ ಬ್ಯಾಲೆ ಷೂ ಹಾಕಿದಳು, ದಪ್ಪ ಜಾಕೆಟ್ಟಿನಲ್ಲೇ ಸುತ್ತಲು ಶುರುಮಾಡಿದಳು. ಬೀಳಲಿಲ್ಲ! ಸುತ್ತಿದಳು, ಸುತ್ತಿದಳು, ಸುತ್ತುತ್ತಲೇ ಇದ್ದಳು. ನಾನು ಕಂಬದ ಮರೆಯಲ್ಲಿ ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗಲೇ ಇನ್ನೊಂದು ಕಂಬದ ಪಕ್ಕ ಬ್ರೂಕ್ ಕಂಡಳು. ಕೈಯಲ್ಲಿ ಫೋನು. ವಿಡಿಯೋ ತೆಗೆಯುತ್ತಿದ್ದಾಳೆ, ಕಳ್ಳಿ, ಡೈರೆಕ್ಟರಿಗೆ ತೋರಿಸೋಕೆ.

"ಏಯ್!" ಎಂದು ಕೂಗಿದೆ. ಗರಾಜಿನ ಮೂರೂ ಅಂತಸ್ತು "ಏಯ್" ಎಂದವು.

"ಅಮ್ಮಾ?" ಅನಘಾ ಕಾಲು ಕೆಳಗಿಟ್ಟಳು. "ಓ ಮೈ ಗಾಡ್, ಡಿಡ್ ಯೂ ಫಾಲೋ ಮಿ?"

"ಮಾಡ್ದೆ. ಏನೀಗ? ಅವಳು ಯಾಕೆ ವಿಡಿಯೋ ತೆಗೀತಿದಾಳೆ? ಕಾಲಿಗೇನಾಗಿದೆ ನಿಂಗೆ?"

"ಕಾಲಿಗೇನೂ ಆಗಿಲ್ಲ. ಅಮ್ಮಾ, ಇಟ್ಸ್ ದ ಫ್ಲೋರ್."

ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಆ ಚಳಿಯಲ್ಲಿ ನಿಂತು ಅವಳು ಹೇಳಿದ್ದು ಇಷ್ಟು. ರಷ್ಯದ ಹಳೇ ರಂಗಮಂದಿರಗಳಲ್ಲಿ ವೇದಿಕೆ ಸಮನಾಗಿರುವುದಿಲ್ಲವಂತೆ. ಹಿಂದಿನ ಸಾಲಿನವರೂ ಪ್ರೇಕ್ಷಕರಿಗೆ ಕಾಣಲೆಂದು ಮುಂಭಾಗಕ್ಕೆ ಇಳಿಜಾರು. ಅದಕ್ಕೇ ಅವಳ ಶಾಲೆಯಲ್ಲಿ ಅಭ್ಯಾಸದ ಕೋಣೆಗಳ ನೆಲವೂ ಇಳಿಜಾರು. ಮುಂದಕ್ಕೆ ಜಾರದ ಹಾಗೆ ಮೈ ತನಗೇ ತಿಳಿಯದೆ ಕೂದಲೆಳೆಯಷ್ಟು ಹಿಂದಕ್ಕೆ ವಾಲುವುದನ್ನು ಕಲಿತುಬಿಡುತ್ತದೆ. ಇಲ್ಲಿ ನೆಲ ಸಮ. ವಾಲುವ ಮೈ ಹಿಂದಕ್ಕೆ ಬೀಳುತ್ತದೆ.

"ಹದಿನೈದು ವರ್ಷದವರೆಗೂ ಗಲೀನಾ ಮೇಡಂ ಹತ್ರ ಸಮ ನೆಲದ ಮೇಲೇ ಕಲ್ತೆಯಲ್ಲೇ? ಅದೆಲ್ಲ ಎಲ್ಲಿ ಹೋಯ್ತು?"

"ಅಮ್ಮಾ, ಐ ಗ್ರೂ ದೇರ್." ಹೌದು, ಹೋದಾಗ ನನ್ನ ಕಿವಿಯವರೆಗಿದ್ದವಳು ಬರುವಾಗ ನನ್ನ ನೆತ್ತಿ ನೋಡುವ ಹಾಗೆ ಬೆಳೆದಿದ್ದಳು. ಈಗಿರುವ ಕಾಲು ಇಳಿಜಾರಿನಲ್ಲೇ ಉದ್ದವಾದ ಕಾಲು.

ಆಡಿಷನ್ನಿನಲ್ಲಿ ನಿಧಾನದ ನೃತ್ಯ, ಜಿಗಿತ ನೋಡಿ ತೆಗೆದುಕೊಂಡರು. ಹಿಮದ ಹೂಗಳಿಗೆ ಸುತ್ತುವ ಕೆಲಸವಿರಲಿಲ್ಲ. ಸೋಲೋ ಬಂದಾಗ ಗುಟ್ಟು ಹೊರಬಿದ್ದಿತು. ಅವಳು ಯಾವಾಗಲೂ ಹಿಂದಕ್ಕೇ ಬೀಳುತ್ತಾಳೆ, ಪಕ್ಕಕ್ಕೆ ಒಂದು ಸಲವೂ ಬೀಳುವುದಿಲ್ಲ ಎಂದು ಕನ್ನಡಿಯಲ್ಲಿ ಗಮನಿಸಿದವಳು ಬ್ರೂಕ್. ಈ ಇಳಿಜಾರು ಹುಡುಕಿದವಳೂ ಬ್ರೂಕೇ. ಮೊದಲು ಕೆಳಮುಖವಾಗಿ ನಿಂತು ಸುತ್ತುವುದು, ಹಳೇ ಧೈರ್ಯ ಬರಲೆಂದು. ಆಮೇಲೆ ತಿರುಗಿ, ಏರಿನ ಕಡೆ ಮುಖ ಮಾಡಿ ಸುತ್ತುವುದು. ಆಗ ಬೀಳಬಾರದೆಂದರೆ ಮೈ ಮುಂದಕ್ಕೆ ಬರಲೇಬೇಕು. ಹಿಂದಕ್ಕೆ ಕಲಿತದ್ದನ್ನು ಮುಂದಕ್ಕೆ ಎಳೆದು ನಡುವಿಗೆ ತರುವ ಉಪಾಯ. ವಿಡಿಯೋ ಅನಘಾಗೇ ತೋರಿಸಲು. ಏರಿನ ಕಡೆ ಇನ್ನೂ ಬೀಳುತ್ತಿದ್ದಳು, ಅಂಗೈ ತರಚಿದ್ದು ಹಾಗೆ. ಆದರೆ ಡೈರೆಕ್ಟರಿಗೆ ಇದು ಗೊತ್ತಾಗಬಾರದು. ಗೊತ್ತಾದರೆ ಬಿರುಕು ಸಿಕ್ಕಿತು ಎನ್ನುತ್ತಾನೆ, ಸೋಲೋ ಹೋಗುತ್ತದೆ, ಅದರ ಹಿಂದೆ ಕೆಲಸವೂ.

ನಾನು ಬ್ರೂಕ್ ಕಡೆ ತಿರುಗಿದೆ. ಇದರಿಂದ ನಿನಗೇನು ಲಾಭ ಎಂದು ನೇರವಾಗಿಯೇ ಕೇಳಿದೆ.

"ಅವಳ ಕೈಗಳು, ಆಂಟಿ" ಎಂದಳು. "ನನ್ನ ಕೈ ಟ್ರಾಫಿಕ್ ಪೊಲೀಸಿನವರ ಕೈ ಇದ್ದ ಹಾಗಿದೆಯಂತೆ. ಡೈರೆಕ್ಟರೇ ಹೇಳಿದ್ದು. ಅವಳು ನನಗೆ ಕೈ ಕಲಿಸುತ್ತಾಳೆ, ನಾನು ಅವಳಿಗೆ ನೆಲ."

ಉತ್ತರ ಚೆನ್ನಾಗಿತ್ತು. ಚೆನ್ನಾಗಿದ್ದದ್ದರಿಂದಲೇ ನನಗೆ ಸಂಶಯ ಇನ್ನೂ ಹೆಚ್ಚಾಯಿತು. ಮಾರನೆಯ ದಿನದಿಂದ ನಾನೂ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಅಲ್ಲಿ ಹಾಜರು. ಕಾರು ಬಂದರೆ "ಕಾರ್!" ಎಂದು ಕೂಗುವುದು ನನ್ನ ಕೆಲಸ. ಇಬ್ಬರೂ ಲಿನೋಲಿಯಂ ಎಳೆದುಕೊಂಡು ಗೋಡೆಗೆ ಒತ್ತಿ ನಿಲ್ಲುವರು, ಕಾರಿನವರು ಏನಿದು ಎಂದು ಕತ್ತು ತಿರುಗಿಸಿ ನೋಡಿಕೊಂಡು ಹೋಗುವರು. ನಿಜ ಹೇಳಬೇಕೆಂದರೆ ನಾನು ಮಗಳ ಕಾಲಿಗಿಂತ ಹೆಚ್ಚಾಗಿ ಬ್ರೂಕಳ ಫೋನನ್ನೇ ನೋಡುತ್ತಿದ್ದೆ. ಫೆಬ್ರವರಿ ಕಳೆಯಿತು. ಬೀದಿಯ ಅಂಚಿನ ಹಿಮ ಕಪ್ಪಾಯಿತು, ಗಟ್ಟಿಯಾಯಿತು, ಕರಗಿ ಮತ್ತೆ ಗಟ್ಟಿಯಾಯಿತು. ಅನಘಾ ಏರಿನ ಕಡೆ ಮುಖ ಮಾಡಿಯೂ ಬೀಳದಾದಳು. ಸ್ಟುಡಿಯೋದ ಸಮ ನೆಲದಲ್ಲೂ ಹತ್ತರಲ್ಲಿ ಎಂಟು ಸಲ ನಿಲ್ಲತೊಡಗಿದಳು. ಬ್ರೂಕಳ ಕೈಗಳೂ ಮೆತ್ತಗಾದವು, ಅದನ್ನೂ ಹೇಳಬೇಕು.

ಫೋನಿನಲ್ಲಿ ಇವರಿಗೆ ಎಲ್ಲ ಹೇಳಿದ್ದೆ, ಯಾರಿಗೂ ಹೇಳಬೇಡಿ ಎಂದೂ ಹೇಳಿದ್ದೆ. ಇವರಿಗೆ ಖುಷಿಯೋ ಖುಷಿ. "ಎಷ್ಟು ಡಿಗ್ರಿ ಸ್ಲೋಪು? ಅಳೆದ್ರಾ?" ಎಂದು ಕೇಳಿದ್ದರು. ಮಗಳು ಬೀಳುತ್ತಿದ್ದಾಳೆ ಎಂದರೆ ಡಿಗ್ರಿ ಕೇಳುವ ಗಂಡ.

ಮಾರ್ಚ್ ಕೊನೆಯಲ್ಲಿ ಒಂದು ಶುಕ್ರವಾರ ಸಂಜೆ ಕಂಪನಿಯವರು ಕಲಾವಿದರ ಮನೆಯವರಿಗೆ, ಬೆಂಬಲಿಗರಿಗೆ ಒಂದು ಪಾರ್ಟಿ ಇಟ್ಟುಕೊಂಡರು. ಇವರು ಟ್ರಾಯ್‌ನಿಂದ ಡ್ರೈವ್ ಮಾಡಿಕೊಂಡು, ಇಸ್ತ್ರಿ ಮಾಡಿದ ಕೋಟು ಹಿಂದಿನ ಸೀಟಿನಲ್ಲಿ ತೂಗುಹಾಕಿಕೊಂಡು ಬಂದರು. ಸಣ್ಣ ಸಣ್ಣ ತಟ್ಟೆಯಲ್ಲಿ ಚೀಸು, ದ್ರಾಕ್ಷಿ. ನಾನು ಬ್ರೂಕ್ ಎಲ್ಲಿ ಹೋಗುತ್ತಾಳೆ, ಯಾರ ಜೊತೆ ಮಾತಾಡುತ್ತಾಳೆ ಎಂದು ಕಣ್ಣಿಟ್ಟಿದ್ದೆ. ಎರಡು ಸಲ ಡೈರೆಕ್ಟರ್ ಪಕ್ಕ ನಿಂತಿದ್ದಳು. ಎರಡು ಸಲವೂ ನಗುತ್ತಿದ್ದಳು.

ಶನಿವಾರ ಮಧ್ಯಾಹ್ನ ಅನಘಾ ರಿಹರ್ಸಲ್ಲಿನಿಂದ ಬೇಗ ಬಂದಳು. ಕೋಟು ಬಿಚ್ಚದೆ ಹೀಟರಿನ ಪಕ್ಕ ನೆಲದ ಮೇಲೆ ಕೂತಳು. ಸೋಲೋ ಬ್ರೂಕ್‌ಗೆ ಕೊಟ್ಟರಂತೆ. ಡೈರೆಕ್ಟರ್ ಒಳ್ಳೆ ಮಾತಿನಲ್ಲೇ ಹೇಳಿದನಂತೆ: ನೆಲದ ವಿಷಯ ನನಗೆ ತಿಳಿಯಿತು, ನಿನ್ನ ತಪ್ಪೇನೂ ಇಲ್ಲ, ಆದರೆ ಜನರ ಮುಂದೆ ಆ ಅಪಾಯ ಬೇಡ. "ಹೀ ನ್ಯೂ, ಅಮ್ಮಾ. ಸಮ್‌ಬಡಿ ಟೋಲ್ಡ್ ಹಿಮ್." ಇವರು ಸಾಮಾನು ತರಲು ಅಂಗಡಿಗೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ಇಬ್ಬರ ಮನಸ್ಸಿನಲ್ಲೂ ಒಂದೇ ಹೆಸರು, ಅದನ್ನು ಬಾಯಿಬಿಟ್ಟು ಹೇಳಿದವಳು ಅನಘಾ. "ಬ್ರೂಕ್. ಶಿ ವಾಸ್ ಮೈ ಫ್ರೆಂಡ್" ಎಂದು ಅಳತೊಡಗಿದಳು. ಚಿಕ್ಕವಳಿದ್ದಾಗಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಬ್ರೂಕಳ ಉದ್ದ ಕತ್ತನ್ನು ಹಿಡಿದು ತಿರುಚುವಷ್ಟು ಸಿಟ್ಟು ಬಂದಿತ್ತು. ಸಂಜೆ ಅವಳು ಬಂದು ಬಾಗಿಲು ಬಡಿದಾಗ ಅನಘಾ ತೆರೆಯಬೇಡ ಎಂದು ಸನ್ನೆ ಮಾಡಿದಳು. ಬಡಿದು ಬಡಿದು ಹೊರಟುಹೋದಳು. ಅನಘಾ ಅಪ್ಪನಿಗೆ "ಐ ಲಾಸ್ಟ್ ದ ಸೋಲೋ" ಎಂದಷ್ಟೇ ಹೇಳಿ, ಕಂಬಳಿ ಹೊದ್ದು ಮಲಗಿಬಿಟ್ಟಳು.

ಭಾನುವಾರ ನಾವು ಹೊರಟೆವು. ನನಗೂ ಟ್ರಾಯ್‌ನಲ್ಲಿ ಆಫೀಸಿಗೆ ಮುಖ ತೋರಿಸಬೇಕಿತ್ತು, ಅನಘಾಗೂ ಒಬ್ಬಳೇ ಇರಬೇಕಿತ್ತು. ಮಿಷಿಗನ್ ಗಡಿ ದಾಟುವಾಗ ಹಿಮ ಬೆರೆತ ಮಳೆ. ವೈಪರ್ ಕಿರ್ರೋ ಎನ್ನುತ್ತಿತ್ತು. ಅರ್ಧ ದಾರಿಯ ಕಲಾಮಜೂವರೆಗೆ ಬ್ರೂಕಳನ್ನು ಬಯ್ದುಕೊಂಡೇ ಬಂದೆ. ಚಿತ್ರಾನ್ನ ತಿಂದಳು, ಕಾಫಿ ಕುಡಿದಳು, ಆಂಟಿ ಆಂಟಿ ಎಂದಳು, ಕೊನೆಗೆ ಹೋಗಿ ಊದಿಬಿಟ್ಟಳು. ಇವರು ಹ್ಞೂಂ ಎನ್ನಲಿಲ್ಲ. ನನ್ನ ಬೈಗುಳಕ್ಕೆ ಯಾವಾಗಲೂ "ಹೋಗ್ಲಿ ಬಿಡೆ" ಎನ್ನುವವರು ಅದನ್ನೂ ಎನ್ನಲಿಲ್ಲ.

"ಯಾಕ್ರೀ, ಮಾತೇ ಇಲ್ಲ?"

"ಬ್ರೂಕ್ ಅಲ್ಲ ಕಣೆ."

"ಮತ್ತಿನ್ಯಾರು?"

"ನಾನೇ ಹೇಳ್ದೆ."

ಪಾರ್ಟಿಯಲ್ಲಿ ಡೈರೆಕ್ಟರ್ ಬಂದು ಕೈಕುಲುಕಿ, ನಿಮ್ಮ ಮಗಳ ಸುತ್ತುಗಳು ಇತ್ತೀಚೆಗೆ ತುಂಬಾ ಸುಧಾರಿಸಿವೆ, ಗುಟ್ಟೇನು ಎಂದನಂತೆ. ಇವರು ಕೈ ಒರೆಸುವ ಕಾಗದದ ಮೇಲೆ ಪ್ರೇಕ್ಷಕರ ಕಡೆ ಇಳಿದ ವೇದಿಕೆಯ ಚಿತ್ರ ಬರೆದು, ಗುರುತ್ವದ ಬಾಣ ಎಳೆದು, ತೊಂದರೆ ಇಂಥದ್ದು, ಮೂಲ ಕಾರಣ ಇಂಥದ್ದು, ಪರಿಹಾರ ಹೀಗೆ ನಡೆಯುತ್ತಿದೆ, ಎಂಬತ್ತು ಪರ್ಸೆಂಟ್ ಆಗಿದೆ ಎಂದು ವಿವರಿಸಿಬಿಟ್ಟಿದ್ದಾರೆ!

"ಯಾರಿಗೂ ಹೇಳ್ಬೇಡಿ ಅಂದಿದ್ನಲ್ರೀ!"

"ನಮ್ ಕೆಲ್ಸದಲ್ಲಿ ಮುಚ್ಚಿಟ್ರೇನೇ ತಪ್ಪು. ಗಾಡಿ ಹೊರಗೆ ಬರೋ ಮುಂಚೆ ಇರೋ ದೋಷ ಇದು ಅಂತ ಹೇಳಿದ್ರೆ, ರೂಟ್ ಕಾಸ್ ಸಮೇತ ಹೇಳಿದ್ರೆ, ಅವನನ್ನ ಎಲ್ರೂ ನಂಬ್ತಾರೆ. ನಾನು ಒಳ್ಳೇದೇ ಆಗತ್ತೆ ಅಂತ..." ಗಾಡಿಯನ್ನು ನಿಧಾನದ ಸಾಲಿಗೆ ತಂದರು. "ನಿನ್ನೆ ಅವಳು ಹಾಗೆ ಮಲಗಿದ್ದಾಗ್ಲೇ ಗೊತ್ತಾಯ್ತು. ಬಾಯೇ ಬರ್ಲಿಲ್ಲ ಕಣೆ."

ನಾನು ಡೈರೆಕ್ಟರನ್ನು ಅನುಮಾನಿಸಿದ್ದೆ, ಪಿಯಾನೋದವಳನ್ನು ಅನುಮಾನಿಸಿದ್ದೆ, ಬ್ರೂಕಳನ್ನಂತೂ ಹಗಲೆಲ್ಲಾ ಕಾದಿದ್ದೆ. ಪಕ್ಕದ ಸೀಟಿನಲ್ಲಿ ಕೂತ ಮನುಷ್ಯನ ಮೇಲೆ ಮಾತ್ರ ಒಂದು ದಿನವೂ ಸಂಶಯ ಬಂದಿರಲಿಲ್ಲ. ಬಯ್ಯಲು ಬಾಯಿ ತುಂಬಾ ಮಾತಿತ್ತು. ಎದುರಿಗೆ ಎಕ್ಸಿಟ್‌ನ ಹಸಿರು ಬೋರ್ಡು ಕಂಡಿತು.

"ಮುಂದಿನ ಎಕ್ಸಿಟ್ ತಗೊಳ್ಳಿ" ಎಂದೆ. "ವಾಪಸ್ ತಿರುಗ್ಸಿ. ನೀವೇ ಹೇಳ್ಬೇಕು ಅವಳಿಗೆ, ಫೋನಲ್ಲಲ್ಲ."

ಮಧ್ಯಾಹ್ನ ಮತ್ತೆ ಓಕ್ ಪಾರ್ಕ್. ಇವರು ಷೂ ಬಿಚ್ಚಿ ಬಾಗಿಲ ಬಳಿಯೇ ನಿಂತು ಹೇಳಿದರು, ಮೇಷ್ಟರ ಮುಂದೆ ನಿಂತ ಹುಡುಗನ ಹಾಗೆ. "ನಾನೇ ಹೇಳ್ಬಿಟ್ಟೆ ಪುಟ್ಟಿ. ಸಾರಿ." ಅನಘಾ ಕೂಗಾಡುತ್ತಾಳೆಂದು ಕಾದೆ. "ವೈ, ಅಪ್ಪ?" ಎಂದಳು ಅಷ್ಟೇ, ಉತ್ತರಕ್ಕೂ ನಿಲ್ಲಲಿಲ್ಲ. ಫೋನ್ ತೆಗೆದು ಬ್ರೂಕ್‌ಗೆ ಮಾಡಿದಳು, ಅಳುತ್ತಲೇ ನಾಲ್ಕು ಮಾತು ಹೇಳಿದಳು, ಆ ಕಡೆಯ ಮಾತು ಕೇಳಿ ಅಳುವಿನ ನಡುವೆಯೇ ಒಂದು ವಿಚಿತ್ರ ನಗು ನಕ್ಕಳು. ಆಮೇಲೆ ನನ್ನ ಕಡೆ ನೋಡಿ ಹೇಳಿದಳು: "ಶಿ ಥಾಟ್ ಇಟ್ ವಾಸ್ ಯೂ, ಅಮ್ಮಾ."

ನಾನಂತೆ! ಮಗಳ ಕಾಲ ಕೆಳಗಿನ ನೆಲ ನಾನು ಎಳೆದೆನಂತೆ! ಆ ಗರಾಜಿನಲ್ಲಿ ನಾನು ಅವಳನ್ನು ಕಾಯುತ್ತಿದ್ದ ಹಾಗೇ ಅವಳೂ ನನ್ನನ್ನು ಗಮನಿಸುತ್ತಿದ್ದಳಂತೆ. ನಿಮ್ಮಮ್ಮ ಯಾರನ್ನೂ ನಂಬುವುದಿಲ್ಲ, ಅಂಥವರು ಏನು ಬೇಕಾದರೂ ಮಾಡುತ್ತಾರೆ ಎಂದು ಲೆಕ್ಕ ಹಾಕಿದ್ದಳಂತೆ. ನನಗೆ ಸಿಟ್ಟು ಬಂದ ಹಾಗೂ ಆಯಿತು, ಪರವಾಗಿಲ್ಲ ಹುಡುಗಿ ಎಂದೂ ಅನ್ನಿಸಿತು.

ಡೈರೆಕ್ಟರ್ ಮನಸ್ಸು ಬದಲಾಯಿಸಲಿಲ್ಲ. ಸೋಲೋ ಬ್ರೂಕೇ ಮಾಡಿದಳು. ನಾವು ಮೂರನೇ ಸಾಲಿನಲ್ಲಿ ಕೂತು ನೋಡಿದೆವು. ಅವಳ ಕೈ ಮೇಲೇಳುವಾಗ ಮಣಿಕಟ್ಟು ಮೊದಲು ಬಂದು ಬೆರಳು ಹಿಂದುಳಿದು ಬರುತ್ತಿತ್ತು. ಅದು ಅನಘಾಳ ಕೈ. ಹೊಟ್ಟೆ ಉರಿಯುತ್ತಿದ್ದರೂ ಅಂಗೈ ನೋಯುವ ಹಾಗೆ ಚಪ್ಪಾಳೆ ತಟ್ಟಿದೆ. ಖಾಯಂ ಕೆಲಸವೂ ಅವಳಿಗೇ ಸಿಕ್ಕಿತು. ಮೇ ತಿಂಗಳಲ್ಲಿ ಅನಘಾ ನಾಲ್ಕು ಡಬ್ಬಿ, ಒಂದು ಲಿನೋಲಿಯಂ ಸುರುಳಿಯ ಸಮೇತ ಟ್ರಾಯ್‌ಗೆ ಬಂದಳು.

ಅಪ್ಪ ಮಗಳ ನಡುವೆ ಮಾತು ಉಪ್ಪು ಕೊಡು, ಕೀ ಎಲ್ಲಿ, ಅಷ್ಟರಲ್ಲೇ ನಿಂತಿತ್ತು. ದೇವಸ್ಥಾನಕ್ಕೆ ಹೋದರೆ ಹೆಂಗಸರು ಕೇಳುತ್ತಾರೆಂದು ನಾನು ಆ ಬೇಸಿಗೆ ಅತ್ತ ತಲೆ ಹಾಕಲಿಲ್ಲ. ಒಂದು ಶನಿವಾರ ಇವರು ಬಾಡಿಗೆ ಟ್ರಕ್ಕಿನಲ್ಲಿ ಪ್ಲೈವುಡ್, ಮರದ ಪಟ್ಟಿ, ರಬ್ಬರಿನ ತುಂಡುಗಳನ್ನು ತಂದು ಬೇಸ್‌ಮೆಂಟಿಗೆ ಇಳಿಸಿದರು. ನಮ್ಮ ಬೇಸ್‌ಮೆಂಟಿನ ನೆಲ ನೀರು ಹರಿಯಲೆಂದು ಮೂಲೆಯ ಡ್ರೇನಿನ ಕಡೆಗೆ ವಾಲಿದೆ. ಇಷ್ಟು ವರ್ಷ ಅದರ ಮೇಲೆ ಓಡಾಡಿದರೂ ನಮಗ್ಯಾರಿಗೂ ಅದು ನೆನಪಿರಲಿಲ್ಲ. ಅದರ ಮೇಲೆ ಮರದ ಚೌಕಟ್ಟು ಹಾಕಿ, ಕೆಳಗೆ ಒಂದೊಂದೇ ಚಕ್ಕೆ ಸಿಕ್ಕಿಸುತ್ತಾ ಹೋದರು. ಗಾರೆಯವರು ಇಟ್ಟುಕೊಳ್ಳುವ ರಸಮಟ್ಟದ ಕೋಲು ಕೈಯಲ್ಲಿ, ಅದರ ನಡುವೆ ಹಸಿರು ನೀರಿನೊಳಗೆ ಒಂದು ಗಾಳಿಗುಳ್ಳೆ. ಗುಳ್ಳೆ ನಡುವಿಗೆ ಬರಬೇಕು. ಒಂದು ಮೂಲೆ ಸರಿಮಾಡಿದರೆ ಇನ್ನೊಂದು ತಪ್ಪುವುದು. ಆಫೀಸಿನಿಂದ ಬಂದವರೇ ಕೆಳಗಿಳಿಯುವರು, ಊಟಕ್ಕೆ ಕರೆದರೆ ಬಂದು ತಿಂದು ಮತ್ತೆ ಇಳಿಯುವರು. ಏನು ಮಾಡುತ್ತಿದ್ದಾರೆಂದು ಮಗಳು ಕೇಳಲಿಲ್ಲ, ಇವರು ಹೇಳಲೂ ಇಲ್ಲ. ಈ ಸಲ ಬಾಯಿ ಬಿಗಿಹಿಡಿದಿದ್ದರು.

ಜೂನಿನಲ್ಲಿ ಒಂದು ಮಧ್ಯಾಹ್ನ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಕೆಳಗಿನಿಂದ ಸದ್ದು. ಟಕ್, ಸರ್ರ್, ಟಕ್, ಸರ್ರ್. ಮೈಕ್ ಆಫ್ ಮಾಡಿ ಎದ್ದು ಹೋದರೆ, ಇವರು ಆಗಲೇ ಮೆಟ್ಟಿಲ ಮೇಲೆ ಆಫೀಸಿನ ಅಂಗಿಯಲ್ಲಿ ಕೂತಿದ್ದಾರೆ, ಊಟಕ್ಕೆ ಮನೆಗೆ ಬಂದವರು. ಇಬ್ಬರೂ ಉಸಿರು ಬಿಡದೆ ಕೇಳಿದೆವು. ಟಕ್, ಸರ್ರ್. ದೊಪ್ಪೆನ್ನುವ ಸದ್ದಿಗೆ ಕಾದೆ. ಬರಲಿಲ್ಲ. ತುಂಬಾ ಹೊತ್ತಾದ ಮೇಲೆ ಸದ್ದು ನಿಂತಿತು, ಏದುಸಿರಿನ ನಡುವೆ ಅವಳ ಧ್ವನಿ ಕೇಳಿಸಿತು.

"ಅಪ್ಪಾ? ಇಟ್ಸ್ ಫ್ಲ್ಯಾಟ್."

"ಹೌದು ಪುಟ್ಟಿ" ಎಂದರು ಇವರು. ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಳ್ಳುತ್ತಾ ಕೂತರು.

ಆ ಬೇಸಿಗೆಯೆಲ್ಲ ಅವಳು ಅಲ್ಲೇ ಇದ್ದಳು. ಜುಲೈಯಲ್ಲಿ ಬ್ರೂಕ್ ಬಂದು ಒಂದು ವಾರ ಉಳಿದು, ಚಿತ್ರಾನ್ನ ತಿಂದು, ನನ್ನನ್ನು ವಾರೆಗಣ್ಣಿನಿಂದ ನೋಡಿ ನಕ್ಕು ಹೋದಳು. ಮಳೆಯ ಹಾಗೆ ಎಲೆ ಉದುರುವ ಹೊತ್ತಿಗೆ ಡೆಟ್ರಾಯ್ಟಿನ ಒಂದು ಕಂಪನಿಯ ಆಡಿಷನ್ನಿಗೆ ಹೋದವಳಿಗೆ ಹೇಳಿದ್ದೇ, ಮೊದಲು ಸುತ್ತಿ ತೋರಿಸು ಎಂದು. ಸುತ್ತಿದಳು. ಈಗ ಅಲ್ಲೇ ಇದ್ದಾಳೆ. ಹೋದ ತಿಂಗಳು ಷಿಕಾಗೋಗೆ ಹೋದದ್ದು ಬ್ರೂಕಳ ಕಾರ್ಯಕ್ರಮಕ್ಕೆ. ಟಿಕೆಟ್ ಕಳಿಸಿದವಳು ಅವಳೇ. ಯಾಕೆ ಕಳಿಸಿದಳೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಬೇಸ್‌ಮೆಂಟಿನ ನೆಲ ಹಾಗೇ ಇದೆ. ಮರ ತಾನೇ, ಮಿಷಿಗನ್ನಿನ ಚಳಿ ಸೆಕೆಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದಕ್ಕೇ ಅನಘಾ ಮನೆಗೆ ಬರುವ ಹಿಂದಿನ ದಿನ, ಇವರು ಆಫೀಸಿಗೆ ಹೋದ ಮೇಲೆ, ನಾನು ಕೆಳಗಿಳಿದು ರಸಮಟ್ಟದ ಕೋಲನ್ನು ನಾಲ್ಕೂ ಮೂಲೆಯಲ್ಲಿ ಇಟ್ಟು ನೋಡುತ್ತೇನೆ. ಗುಳ್ಳೆ ನಡುವಿನಲ್ಲೇ ಇರುತ್ತದೆ. ಕೋಲೇ ಸೊಟ್ಟ ಇರಬಹುದಲ್ಲ ಎಂದು ಅದನ್ನು ಹಿಂದುಮುಂದಾಗಿ ತಿರುಗಿಸಿ ಇಟ್ಟು, ಮೊಣಕಾಲೂರಿ ಬಗ್ಗಿ ಇನ್ನೊಂದು ಸಲ ನೋಡುತ್ತೇನೆ. ಆಗಲೂ ನಡುವಿನಲ್ಲೇ ಇರುತ್ತದೆ.